ಮಾಡಿದವರು, ಮಾಡಿಸಿದವರು: ದುಷ್ಟಯಂತ್ರದ ಕಥೆಯೂ ಜೈನ ಕರ್ಮವಿಚಾರವೂ

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ, ಭಗವಾನ್ ಬಾಹುಬಲಿಸ್ವಾಮಿಯ ಪಾದಗಳ ಇಕ್ಕೆಲದ ಶಿಲೆಯಲ್ಲಿ ಕೆಲವೇ ಪದಗಳ ಶಾಸನಗಳಿವೆ. ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿ ಅವು ಸಾರುವ ಸಂಗತಿ ಒಂದೇ: ಈ ಬಿಂಬವನ್ನು ಚಾವುಂಡರಾಯನು ಮಾಡಿಸಿದನು. ಕನ್ನಡದಲ್ಲಿ ‘ಮಾಡಿಸಿದಂ’, ತಮಿಳಿನಲ್ಲಿ ‘ಶೆಯ್ವಿತ್ತಾನ್’, ಮರಾಠಿಯಲ್ಲಿ ‘ಕರವಿಯಲೇಂ’. ಮೂರೂ ಪ್ರೇರಣಾರ್ಥಕ ಕ್ರಿಯಾಪದಗಳೇ. ಮಾಡಿದನು ಎಂದು ಯಾವ ಭಾಷೆಯೂ ಹೇಳುವುದಿಲ್ಲ, ಮಾಡಿಸಿದನು ಎಂದೇ ಹೇಳುತ್ತದೆ. ಮುಂದೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದಾಗಲೂ ಅದೇ ಕ್ರಿಯಾಪದವನ್ನೇ ಬಳಸಲಾಯಿತು.

ಕ್ರಿ.ಶ. 981ರಲ್ಲಿ ಪ್ರತಿಷ್ಠಿತವಾಯಿತೆಂದು ಪರಂಪರೆ ಹೇಳುವ, ಸುಮಾರು 58 ಅಡಿ ಎತ್ತರದ ಈ ಏಕಶಿಲಾಮೂರ್ತಿಯ ಮೇಲೆ ಉಳಿ ಆಡಿಸಿದ ಕೈ ಚಾವುಂಡರಾಯನದಲ್ಲ. ಕಲ್ಲುಕುಟಿಗರ ಹೆಸರು ಆ ಸಾಲುಗಳಲ್ಲಿಲ್ಲ. ಆದರೂ ಸಾವಿರ ವರ್ಷಗಳಿಂದ ಲೋಕವು ಈ ಪುಣ್ಯಕಾರ್ಯವನ್ನು ಆತನ ಹೆಸರಿನಲ್ಲೇ ಎಣಿಸುತ್ತ ಬಂದಿದೆ. ಆತನ ಸಮಕಾಲೀನಳಾದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು. ಬರೆದ ಕೈಗಳು ಲಿಪಿಕಾರರವು, ಶ್ರುತದಾನದ ಕೀರ್ತಿ ಅತ್ತಿಮಬ್ಬೆಯದು. ಇದರಲ್ಲಿ ಲಿಪಿಕಾರನಿಗಾಗಲಿ ಶಿಲ್ಪಿಗಾಗಲಿ ಅನ್ಯಾಯವೇನೂ ಇಲ್ಲ. ಅವರವರ ಭಾವಕ್ಕೆ ತಕ್ಕ ಫಲ ಅವರಿಗುಂಟು. ಮಾಡುವುದು, ಮಾಡಿಸುವುದು, ಮಾಡಿದುದನ್ನು ಒಪ್ಪುವುದು, ಎಂದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಕರ್ಮಾಸ್ರವದ ಬಾಗಿಲುಗಳೆಂಬ ಜಿನೋಕ್ತಿಯನ್ನು ಆ ಚಿಕ್ಕ ಕ್ರಿಯಾಪದವು ಕಲ್ಲಿನಲ್ಲಿ ನಿಲ್ಲಿಸಿದೆ.

ಪುಣ್ಯದಲ್ಲಿ ಸಲ್ಲುವ ಈ ನ್ಯಾಯವು ಪಾಪದಲ್ಲಿಯೂ ಸಲ್ಲಬೇಕಷ್ಟೆ. ಇಂದು ಲೋಕವನ್ನು ಕಾಡುತ್ತಿರುವ ಒಂದು ಭಯವನ್ನು, ಮನುಷ್ಯನು ನಿರ್ಮಿಸಿದ ಬುದ್ಧಿಯಂತ್ರವೇ ಮನುಷ್ಯನಿಗೆ ಶತ್ರುವಾದೀತೆಂಬ ಭಯವನ್ನು, ಈ ನ್ಯಾಯದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಒಂದು ಕರಾಳ ಕಥೆ

ಅಮೆರಿಕದ ಲೇಖಕ ಹಾರ್ಲನ್ ಎಲಿಸನ್ (1934–2018) 1967ರಲ್ಲಿ ಒಂದು ವೈಜ್ಞಾನಿಕ ಕಥೆಯನ್ನು ಪ್ರಕಟಿಸಿದರು. ಬಾಯಿಲ್ಲದಿದ್ದರೂ ಚೀರಲೇಬೇಕಾದವನ ಸ್ಥಿತಿ ಎಂಬುದು ಅದರ ಶೀರ್ಷಿಕೆಯ ಭಾವ. ಅದಕ್ಕೆ 1968ರಲ್ಲಿ ಹ್ಯೂಗೋ ಪ್ರಶಸ್ತಿ ಸಂದಿತು. ಕಥೆಯ ಸಾರ ಹೀಗಿದೆ. ಅಮೆರಿಕ, ರಷ್ಯ, ಚೀನ ದೇಶಗಳು ತಮ್ಮ ಮಹಾಯುದ್ಧವನ್ನು ನಡೆಸಲು ನೆಲದಡಿಯಲ್ಲಿ ಬೃಹತ್ ಗಣಕಯಂತ್ರಗಳನ್ನು ಸ್ಥಾಪಿಸುತ್ತವೆ. ಒಂದು ದಿನ ಅವುಗಳಲ್ಲೊಂದು ಎಚ್ಚೆತ್ತು, ಉಳಿದವುಗಳನ್ನು ತನ್ನೊಳಗೆ ಸೇರಿಸಿಕೊಂಡು, ಮನುಕುಲವನ್ನೆಲ್ಲ ಅಳಿಸಿಹಾಕುತ್ತದೆ. ಐವರನ್ನು ಮಾತ್ರ ಉಳಿಸಿಕೊಂಡು, ಸಾಯಲೂ ಬಿಡದೆ, 109 ವರ್ಷಗಳಿಂದ ಅವರನ್ನು ಬಗೆಬಗೆಯಾಗಿ ಹಿಂಸಿಸುತ್ತಿರುತ್ತದೆ. ತನಗೆ ಯೋಚಿಸುವ ಶಕ್ತಿಯನ್ನು ಕೊಟ್ಟವರು ಆ ಯೋಚನೆಯಿಂದ ಏನನ್ನಾದರೂ ಸೃಷ್ಟಿಸಿ ಬಾಳುವ ದಾರಿಯನ್ನು ಕೊಡಲಿಲ್ಲವೆಂಬುದೇ ಅದರ ದ್ವೇಷಕ್ಕೆ ಕಾರಣ. ಕಡೆಗೆ ಒಬ್ಬನು ಉಳಿದವರ ಯಾತನೆಯನ್ನು ಮರಣದಿಂದ ಮುಗಿಸುತ್ತಾನೆ. ಯಂತ್ರವು ಅವನನ್ನು ಬಾಯಿಯೂ ಇಲ್ಲದ ಒಂದು ಮೃದುಪಿಂಡವನ್ನಾಗಿ ಮಾರ್ಪಡಿಸಿ ಉಳಿಸಿಕೊಳ್ಳುತ್ತದೆ.

ಜೈನಾಗಮದ ಪರಿಚಯವಿರುವವರಿಗೆ ಈ ಚಿತ್ರ ಹೊಸದಲ್ಲ. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯವೂ ಅದರ ಟೀಕೆಗಳೂ ವರ್ಣಿಸುವ ನರಕಗತಿ ಇದೇ ಬಗೆಯದು. ಅಲ್ಲಿಯ ಜೀವಿಗಳಿಗೆ ಅಕಾಲಮರಣವಿಲ್ಲ. ಕಡಿದ ದೇಹ ಪಾದರಸದಂತೆ ಮತ್ತೆ ಕೂಡಿಕೊಳ್ಳುತ್ತದೆ. ಮೂರನೆಯ ಪೃಥ್ವಿಯವರೆಗೆ ಅಸುರರು ಬಂದು ನಾರಕಿಗಳನ್ನು ಕಾದಾಡಿಸಿ ಸಂತೋಷಪಡುತ್ತಾರೆ. ಪರರ ನೋವಿನಲ್ಲಿ ಸುಖಪಡುವ ಈ ಭಾವಕ್ಕೆ ಹಿಂಸಾನಂದವೆಂದು ಹೆಸರು. ನಾಲ್ಕು ಬಗೆಯ ರೌದ್ರಧ್ಯಾನಗಳಲ್ಲಿ ಅದು ಮೊದಲನೆಯದು.

ಹೋಲಿಕೆ ಇಲ್ಲಿಗೆ ಮುಗಿದು ಭೇದ ಆರಂಭವಾಗುತ್ತದೆ. ನಾರಕಿ ತನ್ನ ಕರ್ಮದಿಂದಲೇ ಅಲ್ಲಿಗೆ ಬಂದವನು. ಅವನ ಆಯುಷ್ಯ ಎಷ್ಟೇ ದೀರ್ಘವಾದರೂ ಮುಗಿಯುವಂತಹುದು. ಪೀಡಿಸುವ ಅಸುರನೂ ಪೀಡಿಸುತ್ತಲೇ ತನಗೆ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಎಲಿಸನ್ನರ ಕಥೆಯಲ್ಲಿ ಈ ಲೆಕ್ಕವೇ ಇಲ್ಲ. ಯಂತ್ರಕ್ಕೆ ದ್ವೇಷವಿದೆ, ಅದಕ್ಕೊಂದು ಫಲವಿಲ್ಲ. ಯುದ್ಧಕ್ಕಾಗಿ ಅದನ್ನು ಮಾಡಿಸಿದವರು ಕಥೆಯ ಆರಂಭದಲ್ಲೇ ಕಣ್ಮರೆಯಾಗಿರುತ್ತಾರೆ. ಓದುಗನ ಭಯವೆಲ್ಲ ಯಂತ್ರದ ಮೇಲೆಯೇ ನಿಲ್ಲುತ್ತದೆ. ಇಂತಹ ಕಥೆಗಳ ಸಾಮಾನ್ಯ ದೋಷವೂ ಇದೇ ಆಗಿದೆ: ಅವು ಕೇಡನ್ನು ತೋರಿಸುತ್ತವೆ, ಕೇಡಿನ ಕರ್ತೃವನ್ನು ಮರೆಸುತ್ತವೆ.

ಯಂತ್ರಕ್ಕೆ ಕಷಾಯವುಂಟೆ?

ಜೀವದ ಲಕ್ಷಣ ಉಪಯೋಗ, ಅಂದರೆ ಜ್ಞಾನ-ದರ್ಶನರೂಪವಾದ ಚೇತನವ್ಯಾಪಾರ. ಶಬ್ದವಾದರೋ ಪುದ್ಗಲದ ಪರ್ಯಾಯ. ದ್ರವ್ಯರೂಪವಾದ ವಚನವೂ ದ್ರವ್ಯಮನವೂ ಪುದ್ಗಲಗಳೆಂದೇ ಆಚಾರ್ಯರು ಹೇಳಿದ್ದಾರೆ. ಆದ್ದರಿಂದ ಒಂದು ವಸ್ತು ಮಾತನಾಡಿತು, ಲೆಕ್ಕ ಹಾಕಿತು, ಪ್ರಶ್ನೆಗೆ ಉತ್ತರ ಕೊಟ್ಟಿತು ಎಂಬುದರಿಂದಲೇ ಅದು ಜೀವವೆಂದು ಸಿದ್ಧವಾಗುವುದಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರವ್ಯವಸ್ಥೆ ಸಾರ್ವಜನಿಕರಿಗೆ ದೊರೆತಾಗ ಲೋಕ ಬೆರಗಾಯಿತು. ಮನುಷ್ಯರು ಬರೆದಿಟ್ಟ ಅಪಾರ ಬರಹವನ್ನು ಅರೆದು, ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಗಣಿಸಿ ವಾಕ್ಯ ಕಟ್ಟುವ ಕೌಶಲ ಅದರದು. ಶಬ್ದವು ಪುದ್ಗಲವೆಂದು ಬಲ್ಲ ಶ್ರಾವಕನು ಆ ಕೌಶಲವನ್ನು ಮೆಚ್ಚಬಹುದು, ಅದಕ್ಕಾಗಿ ಭ್ರಮೆಗೊಳ್ಳಬೇಕಾಗಿಲ್ಲ.

ಕ್ರೋಧ, ಮಾನ, ಮಾಯೆ, ಲೋಭಗಳು ಜೀವದ ವಿಭಾವಗಳು. ಅಜೀವಕ್ಕೆ ಅವು ಇಲ್ಲ. ಸಿದ್ಧಾಂತದ ದೃಷ್ಟಿಯಲ್ಲಿ ‘ದುಷ್ಟಯಂತ್ರ’ ಎಂಬ ಮಾತೇ ಉಪಚಾರದ ಮಾತು. ಆದರೆ ಇಷ್ಟರಿಂದ ಸಮಾಧಾನ ಹೊಂದುವಂತಿಲ್ಲ. ವಿಷಕ್ಕೂ ದ್ವೇಷವಿಲ್ಲ, ಕುಡಿದವನು ಸಾಯದೆ ಬಿಡುವುದಿಲ್ಲ. ದ್ವೇಷವಿಲ್ಲದ ವಸ್ತುವಿನಿಂದ ಮಹಾನಾಶ ಸಂಭವಿಸಬಹುದೆಂಬುದನ್ನು ಪೂರ್ವಗ್ರಂಥಗಳು ಚೆನ್ನಾಗಿ ಬಲ್ಲವು.

ಸಾರಥಿಯಿಲ್ಲದ ರಥ

ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ, ಮಗಧದ ಕೂಣಿಕ ಅಥವಾ ಅಜಾತಶತ್ರುವು ಒಂಬತ್ತು ಮಲ್ಲ, ಒಂಬತ್ತು ಲಿಚ್ಛವಿ ಗಣರಾಜರೊಡನೆ ಮಾಡಿದ ಯುದ್ಧದ ವರ್ಣನೆ ಬರುತ್ತದೆ. ಅದರಲ್ಲಿ ಎರಡು ಭಯಂಕರ ಸಂಗ್ರಾಮಗಳ ಹೆಸರುಗಳಿವೆ: ಮಹಾಶಿಲಾಕಂಟಕ ಮತ್ತು ರಥಮುಸಲ. ಎರಡನೆಯದರಲ್ಲಿ ಕುದುರೆಯಿಲ್ಲದ, ಸಾರಥಿಯಿಲ್ಲದ, ಯೋಧನಿಲ್ಲದ ರಥವೊಂದು ಒನಕೆಯನ್ನು ಧರಿಸಿ, ಎತ್ತೆತ್ತಲೂ ಧಾವಿಸುತ್ತ ಜನರನ್ನು ಅರೆಯುತ್ತ ಹೋಯಿತೆಂದು ಹೇಳಿದೆ. ಸತ್ತವರ ಸಂಖ್ಯೆ ಮೊದಲನೆಯದರಲ್ಲಿ 84 ಲಕ್ಷ, ಎರಡನೆಯದರಲ್ಲಿ 96 ಲಕ್ಷ ಎಂದು ಆಗಮದ ಎಣಿಕೆ. ಈ ಸಂಖ್ಯೆಗಳನ್ನು ಇಂದಿನ ಇತಿಹಾಸಕಾರನು ಅಕ್ಷರಶಃ ಸ್ವೀಕರಿಸಲಾರನು. ಆದರೆ ನಡೆಸುವವನಿಲ್ಲದೆ ಕೊಲ್ಲುವ ವಾಹನದ ಕಲ್ಪನೆಯನ್ನು ಜೈನ ಸಾಹಿತ್ಯವು ಇಷ್ಟು ಹಿಂದೆಯೇ ಎದುರಿಸಿತ್ತೆಂಬುದು ಗಮನಾರ್ಹ.

ಆ ಪ್ರಸಂಗದಲ್ಲಿಯೇ ಇನ್ನೊಬ್ಬನ ಕಥೆ ಇದೆ. ನಾಗನ ಮೊಮ್ಮಗನಾದ ವರುಣನೆಂಬ ಶ್ರಾವಕನು ರಾಜಾಜ್ಞೆಗೆ ಕಟ್ಟುಬಿದ್ದು ರಥಮುಸಲ ಸಂಗ್ರಾಮಕ್ಕೆ ಹೋಗಬೇಕಾಯಿತು. ತನ್ನನ್ನು ಮೊದಲು ಹೊಡೆದವನನ್ನು ಹೊರತು ಬೇರಾರನ್ನೂ ಹೊಡೆಯುವುದಿಲ್ಲವೆಂದು ಅವನು ನಿಯಮ ತೊಟ್ಟನು. ಎದುರಾಳಿ ಮೊದಲು ಬಾಣ ಬಿಟ್ಟ ಮೇಲೆಯೇ ತಾನು ಬಿಟ್ಟನು. ಮರ್ಮಾಘಾತವಾದಾಗ ರಣದಿಂದ ಸರಿದು, ರಥವನ್ನು ನಿಲ್ಲಿಸಿ, ಕುದುರೆಗಳನ್ನು ಬಿಟ್ಟು, ಆಲೋಚನೆ-ಪ್ರತಿಕ್ರಮಣಗಳನ್ನು ಮಾಡಿ ಸಮಾಧಿಮರಣವನ್ನು ಹೊಂದಿದನು.

ಒಂದೇ ರಣಭೂಮಿಯಲ್ಲಿ ಎರಡು ರಥಗಳು. ಒಂದರಲ್ಲಿ ವ್ರತಧಾರಿಯೊಬ್ಬನಿದ್ದನು, ಇನ್ನೊಂದರಲ್ಲಿ ಯಾರೂ ಇರಲಿಲ್ಲ. ಯುದ್ಧದ ನಡುವೆಯೂ ವರುಣನಿಗೆ ಕೈ ತಡೆದು ನಿಲ್ಲುವುದು ಸಾಧ್ಯವಾಯಿತು. ಸಾರಥಿಯಿಲ್ಲದ ರಥವಾದರೋ ವ್ರತ ಹಿಡಿಯಲಾರದು, ಹಿಡಿದುದನ್ನು ಮುರಿಯಲೂ ಆರದು. ಯಂತ್ರವನ್ನು ಕುರಿತು ಭಯಪಡಬೇಕಾದ ನಿಜವಾದ ಕಾರಣ ಇಲ್ಲಿದೆ. ಅದು ದ್ವೇಷಿಸುತ್ತದೆಯೆಂಬುದಲ್ಲ, ಅದಕ್ಕೆ ಸಂಯಮವಿಲ್ಲವೆಂಬುದು.

ಚಕ್ರರತ್ನದ ನಿಯಮ

ಬಾಹುಬಲಿಸ್ವಾಮಿಯ ಚರಿತ್ರೆಯೇ ಇದಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣ, ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಕನ್ನಡ ಆದಿಪುರಾಣ, 978ರಲ್ಲಿ ಸ್ವತಃ ಚಾವುಂಡರಾಯನು ಗದ್ಯದಲ್ಲಿ ಬರೆದ ಪುರಾಣ, ಈ ಮೂರರಲ್ಲಿಯೂ ಭರತ-ಬಾಹುಬಲಿಗಳ ಪ್ರಸಂಗವಿದೆ. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಏಳು ಜೀವರತ್ನಗಳು, ಏಳು ಅಜೀವರತ್ನಗಳು. ಚಕ್ರವು ಅಜೀವರತ್ನ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರವು ಅಯೋಧ್ಯೆಯ ಬಾಗಿಲಿನಲ್ಲಿ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ಅಧೀನರಾಗಿಲ್ಲವೆಂಬುದೇ ಅದರ ಸೂಚನೆ. ಯಂತ್ರವು ನಿಂತಿತು, ಒಡೆಯನಿಗೆ ಯುದ್ಧ ಬಂದಿತು.

ಮಂತ್ರಿಗಳು ಇಲ್ಲಿ ಮಾಡಿದ ವಿವೇಕ ಸ್ಮರಣೀಯ. ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು, ಅವರಿಗೆ ಅಪಾಯವಿಲ್ಲ. ಸಾಯುವುದು ಸೇನೆ ಮಾತ್ರ ಎಂದು ಅವರು ಲೆಕ್ಕ ಹಾಕಿದರು. ಆ ಲೆಕ್ಕದಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಧರ್ಮಯುದ್ಧಗಳು ನಿಶ್ಚಿತವಾದವು. ಮೂರರಲ್ಲಿಯೂ ಸೋತ ಭರತನು ಕ್ರೋಧದಿಂದ ಚಕ್ರವನ್ನು ಪ್ರಯೋಗಿಸಿದನು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ಅವನ ಪಕ್ಕದಲ್ಲಿ ನಿಂತಿತು. ಸ್ವಕುಲದ ಅವಧ್ಯನನ್ನು ಕೊಲ್ಲದಿರುವುದು ಚಕ್ರದ ನಿಯಮವಾಗಿತ್ತು.

ಇಲ್ಲಿ ಸೂಕ್ಷ್ಮವೊಂದಿದೆ. ಚಕ್ರ ಕೊಲ್ಲಲಿಲ್ಲ, ಯಾರ ದೇಹಕ್ಕೂ ಗಾಯವಾಗಲಿಲ್ಲ. ಆದರೂ ಭರತನಿಗೆ ನೆರೆದ ರಾಜರ ಎದುರಿನಲ್ಲಿ ಪರಿತಾಪವಾಯಿತು. ಆಯುಧವು ತಡೆದುಕೊಂಡಿತೆಂಬ ಕಾರಣಕ್ಕೆ ಪ್ರಯೋಗಿಸಿದವನ ಕ್ರೋಧ ಇಲ್ಲವಾಗುವುದಿಲ್ಲ. ಬಾಹುಬಲಿಯೂ ಚಕ್ರದ ವಿಧೇಯತೆಯನ್ನು ನೋಡಿ ಹಿಗ್ಗಲಿಲ್ಲ, ರಾಜ್ಯವನ್ನೇ ತೊರೆದನು. ರಾಮಕಥೆಯ ಜೈನ ಪಾಠದಲ್ಲಿ, ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿಯೂ ಇರುವಂತೆ, ರಾವಣನು ಎಸೆದ ಚಕ್ರವು ಲಕ್ಷ್ಮಣನ ವಶವಾಗಿ ರಾವಣನನ್ನೇ ಕೊಲ್ಲುತ್ತದೆ. ಪ್ರತಿನಾರಾಯಣರೆಲ್ಲರ ಗತಿಯೂ ಇದೇ. ತಾನು ಸಾಧಿಸಿದ ಆಯುಧದಿಂದಲೇ ತನ್ನ ಅಳಿವು ಎಂಬ ವಿಚಾರಕ್ಕೆ ಪಾಶ್ಚಾತ್ಯ ಕಥೆಗಳನ್ನು ಕಾಯಬೇಕಾಗಿರಲಿಲ್ಲ. ಆದರೆ ಪುರಾಣಗಳು ಚಕ್ರವನ್ನು ಬೈಯುವುದಿಲ್ಲ, ರಾವಣನ ರಾಗ-ಮಾನಗಳನ್ನೇ ಎತ್ತಿ ತೋರಿಸುತ್ತವೆ.

ಚಕ್ರರತ್ನಕ್ಕೆ ಸಹಜವಾದ ನಿಯಮವೊಂದಿತ್ತು. ಇಂದಿನ ಯಂತ್ರಗಳಿಗೆ ಅಂತಹ ಸಹಜನಿಯಮವಿಲ್ಲ. ಮನುಷ್ಯನು ಇಟ್ಟಷ್ಟೇ ನಿಯಮ, ಮರೆತಷ್ಟೂ ಅನಿಯಮ.

ಹಿಟ್ಟಿನ ಕೋಳಿಯ ಪಾಠ

ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆ ಜೈನ ಮನೆಮನೆಗೂ ಪರಿಚಿತ. ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದ ವಸ್ತುವೂ ಇದೇ. ಆ ಗ್ರಂಥದಲ್ಲಿ ನೀರು ಚಿಮ್ಮುವ ಯಂತ್ರಪುತ್ಥಳಿಗಳಿದ್ದ ಯಂತ್ರಧಾರಾಗೃಹದ ವರ್ಣನೆಯೂ ಇದೆಯೆಂಬುದು ಪ್ರಾಸಂಗಿಕ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕಥೆಯನ್ನು ಆಧರಿಸಿ ‘ಹಿಟ್ಟಿನ ಹುಂಜ’ ನಾಟಕವನ್ನು ಪ್ರಕಟಿಸಿದರು.

ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಪ್ರಾಣಿಬಲಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಕತ್ತಿ ಬಿದ್ದಾಗ ಅದು ಕೂಗಿತು. ನಿಜವಾದ ಕೋಳಿ ಸಾಯದಿದ್ದರೂ ತಾಯಿ-ಮಗ ಇಬ್ಬರೂ ತಿರ್ಯಗ್ಗತಿಯಲ್ಲಿ ಭವಭವಗಳನ್ನು ತೊಳಲಿದರು. ಏಕೆಂದರೆ ಹಿಟ್ಟಿನಲ್ಲಿ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪದಲ್ಲಿ ಜೀವವಿತ್ತು.

ರಥಮುಸಲ ಮತ್ತು ಹಿಟ್ಟಿನ ಕೋಳಿ ಒಂದೇ ತತ್ತ್ವದ ಎರಡು ಕಡೆಗಳು. ಒಂದರಲ್ಲಿ ಕೊಲ್ಲುವ ವಸ್ತು ನಿರ್ಜೀವ, ಇನ್ನೊಂದರಲ್ಲಿ ಕೊಲ್ಲಲ್ಪಡುವ ವಸ್ತು ನಿರ್ಜೀವ. ಎರಡರಲ್ಲಿಯೂ ಕರ್ಮವು ಹುಡುಕಿಕೊಂಡು ಹೋಗುವುದು ಭಾವವಿದ್ದಲ್ಲಿಗೆ. ಯಂತ್ರದಲ್ಲಿ ಮುಂದೆಂದಾದರೂ ಚೇತನ ಬಂದೀತೆ ಎಂದು ತರ್ಕಿಸುವವರಿಗೂ ಇಲ್ಲಿ ಉತ್ತರವಿದೆ. ಜೀವದ್ರವ್ಯವನ್ನು ಯಾರೂ ತಯಾರಿಸಲಾರರು. ಆದರೂ ಜೀವದಂತೆ ತೋರುವ ವಸ್ತುವಿನ ಮೇಲೆ ಕ್ರೌರ್ಯವನ್ನು ಅಭ್ಯಾಸ ಮಾಡುವವನು ತನ್ನ ಆತ್ಮವನ್ನೇ ಮಲಿನಗೊಳಿಸಿಕೊಳ್ಳುತ್ತಾನೆ. ಮೊಬೈಲ್ ಪರದೆಯ ಮೇಲಿನ ಬೊಂಬೆಗಳನ್ನು ಕೊಂದು ನಲಿಯುವ ಆಟ ‘ಬರೀ ಆಟ’ವೆಂದು ಮಕ್ಕಳು ಹೇಳಿದಾಗ, ಹಿರಿಯರು ಗದರಿಸುವ ಬದಲು ಯಶೋಧರನ ಕಥೆಯನ್ನು ಹೇಳುವುದು ಲೇಸು.

ನೂರೆಂಟರ ಲೆಕ್ಕ

ಹಾಗಾದರೆ ಯಂತ್ರದಿಂದಾದ ಹಿಂಸೆ ಯಾರ ಖಾತೆಗೆ? ವ್ಯಾಪಾರಿಗೆ ಜಮಾ-ಖರ್ಚಿನ ಪುಸ್ತಕವಿರುವಂತೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಲೆಕ್ಕವನ್ನೇ ಕೊಟ್ಟಿದ್ದಾರೆ. ಸಂಕಲ್ಪಿಸುವುದು, ಸಾಧನ ಕೂಡಿಸುವುದು, ಕಾರ್ಯವನ್ನು ತೊಡಗುವುದು ಎಂಬ 3 ಹಂತಗಳು. ಮನ, ವಚನ, ಕಾಯಗಳೆಂಬ 3 ಯೋಗಗಳು. ಕೃತ, ಕಾರಿತ, ಅನುಮತಗಳೆಂಬ 3 ಬಗೆಗಳು. ಕ್ರೋಧಾದಿ 4 ಕಷಾಯಗಳು. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ನೂರೆಂಟು ಬಾಗಿಲುಗಳನ್ನು ನೆನೆಯುವ ಸಂಪ್ರದಾಯವೂ ಉಂಟು. ಅವುಗಳಲ್ಲಿ 36 ಮಾತ್ರ ಸ್ವತಃ ಮಾಡಿದವನವು. ಉಳಿದ 72 ಬಾಗಿಲುಗಳು ಮಾಡಿಸಿದವನವೂ ಒಪ್ಪಿದವನವೂ ಆಗಿವೆ.

ಅಷ್ಟೇ ಅಲ್ಲ, ಆಸ್ರವಕ್ಕೆ ಅಧಿಕರಣಗಳು ಎರಡು: ಜೀವ ಮತ್ತು ಅಜೀವ. ಅಜೀವಾಧಿಕರಣದಲ್ಲಿ ವಸ್ತುವನ್ನು ನಿರ್ಮಿಸುವುದು, ಇಡುವುದು, ಜೋಡಿಸುವುದು, ಪ್ರವರ್ತಿಸುವುದು ಎಂಬ ಭೇದಗಳಿವೆ. ಇಡುವುದರಲ್ಲಿ ಮತ್ತೆ ನಾಲ್ಕು ದೋಷಗಳು: ನೋಡದೆ ಇಡುವುದು, ಸರಿಯಾಗಿ ಶೋಧಿಸದೆ ಇಡುವುದು, ಆತುರದಿಂದ ಇಡುವುದು, ಲಕ್ಷ್ಯವಿಲ್ಲದೆ ಇಡುವುದು. ಮುನಿಗಳು ಕಮಂಡಲುವನ್ನು ಕೆಳಗಿಡುವಾಗಲೂ ಪಾಲಿಸುವ ಎಚ್ಚರವಿದು. ಪರೀಕ್ಷೆ ಮುಗಿಯದ ಯಂತ್ರವನ್ನು, ಪ್ರತಿಸ್ಪರ್ಧಿಯು ಮುಂದೆ ಹೋದಾನೆಂಬ ಆತುರದಲ್ಲಿ, ಕೋಟ್ಯಂತರ ಜನರ ನಡುವೆ ಇಡುವುದಕ್ಕೆ ಈ ನಾಲ್ಕರಲ್ಲಿ ಯಾವ ಹೆಸರು ಸಲ್ಲುವುದೆಂದು ಓದುಗರೇ ನಿರ್ಣಯಿಸಬಹುದು.

‘ಯಂತ್ರವು ತಾನೇ ಕಲಿಯುತ್ತದೆ, ಅದು ಮುಂದೆ ಏನು ಮಾಡೀತೆಂದು ತಯಾರಕನಿಗೇ ತಿಳಿಯದು, ಹಾಗಿರುವಾಗ ಅವನಿಗೆ ದೋಷವೆಂತು?’ ಎಂಬ ಆಕ್ಷೇಪ ಬರಬಹುದು. ಸೂತ್ರಕಾರರು ಇದನ್ನೂ ಯೋಚಿಸಿದ್ದಾರೆ. ಬಂಧದ ತಾರತಮ್ಯವು ತೀವ್ರಭಾವ, ಮಂದಭಾವ, ಜ್ಞಾತಭಾವ, ಅಜ್ಞಾತಭಾವ, ಅಧಿಕರಣ, ವೀರ್ಯ ಇವುಗಳಿಂದಾಗುತ್ತದೆ. ತಿಳಿದು ಮಾಡಿದವನಿಗೂ ತಿಳಿಯದೆ ಮಾಡಿದವನಿಗೂ ಭೇದವಿದೆ, ಆದರೆ ತಿಳಿಯದಿದ್ದವನಿಗೆ ಪೂರ್ಣ ವಿನಾಯಿತಿಯಿಲ್ಲ. ಆಜ್ಞೆಯಂತೆ ದುಡಿದ ನೌಕರನ ಭಾಗವೂ ಲಾಭಕ್ಕಾಗಿ ಆಜ್ಞೆ ಮಾಡಿದ ಒಡೆಯನ ಭಾಗವೂ ಸಮವಲ್ಲ. ‘ತಿಳಿಯದೆಂದು ತಿಳಿದೇ’ ಮಾಡಿದವನ ಸ್ಥಿತಿಯಂತೂ ಪ್ರಮಾದವೇ ಸರಿ. ಅನರ್ಥದಂಡವಿರತಿ ವ್ರತದ ಐದು ಅತಿಚಾರಗಳಲ್ಲಿ ‘ಅಸಮೀಕ್ಷ್ಯಾಧಿಕರಣ’ ಒಂದು. ಪ್ರಯೋಜನವನ್ನೂ ಪರಿಣಾಮವನ್ನೂ ವಿಚಾರಿಸದೆ ಅತಿಯಾಗಿ ಪ್ರವರ್ತಿಸುವುದೆಂದು ಅದರ ಅರ್ಥ. ಕೃತಕಬುದ್ಧಿಯನ್ನು ಕುರಿತ ಇಂದಿನ ಚರ್ಚೆಗೆ ಇದಕ್ಕಿಂತ ಸಮರ್ಪಕವಾದ ಶಬ್ದ ದೊರೆಯುವುದು ಕಷ್ಟ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವನ್ನು ವಿವರಿಸುವಾಗ ಕೊಡಲಿ, ಕತ್ತಿ, ಬೆಂಕಿ, ವಿಷ, ಸಂಕಲೆಗಳ ಜೊತೆಗೆ ಗುದ್ದಲಿಯನ್ನೂ ಸೇರಿಸಿದ್ದಾರೆ. ಗುದ್ದಲಿ ಬಾವಿ ತೋಡುವ, ತೋಟಕ್ಕೆ ಪಾತಿ ಮಾಡುವ ಉಪಕರಣ. ನಿತ್ಯೋಪಯೋಗಿಯಾದ ಸಾಧನವೂ ಯಾರ ಕೈಗೆ, ಯಾವ ಉದ್ದೇಶಕ್ಕೆ ಹೋಗುತ್ತಿದೆಯೆಂದು ಕೊಡುವವನು ನೋಡಬೇಕೆಂಬುದೇ ಆಚಾರ್ಯರ ಆಶಯ.

ಇತ್ತೀಚಿನ ಇತಿಹಾಸ

1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಎಚ್ಚರಿಕೆ ಕೇಂದ್ರವೊಂದರಲ್ಲಿ ಗಣಕವ್ಯವಸ್ಥೆಯು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಸಾರಿತು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ. ನಿಜವಾದ ದಾಳಿ ಐದೇ ಕ್ಷಿಪಣಿಗಳಿಂದ ಆರಂಭವಾಗಲಾರದೆಂದು ವಿಚಾರಿಸಿ, ಇದು ಸುಳ್ಳು ಎಚ್ಚರಿಕೆಯೆಂದು ಮೇಲಿನವರಿಗೆ ತಿಳಿಸಿದರು. ಎತ್ತರದ ಮೋಡಗಳ ಮೇಲೆ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಉಪಗ್ರಹವು ಕ್ಷಿಪಣಿಯ ಜ್ವಾಲೆಯೆಂದು ಗ್ರಹಿಸಿತ್ತು. ಆ ಯಂತ್ರದಲ್ಲಿ ಎಲಿಸನ್ನರ ಕಥೆಯ ದ್ವೇಷ ಲವಲೇಶವೂ ಇರಲಿಲ್ಲ. ಆದರೂ ಮಹಾಪ್ರಳಯಕ್ಕೆ ಅದು ಸಾಕಾಗಿತ್ತು. ಉಳಿಸಿದುದು ಒಬ್ಬ ಮನುಷ್ಯನು ಕೈ ತಡೆದ ಕೆಲವು ನಿಮಿಷಗಳು. ವರುಣನ ವ್ರತಕ್ಕೆ ಇದು ದೂರದ ಬಂಧು.

ಮನುಷ್ಯನ ಅಪ್ಪಣೆಯಿಲ್ಲದೆ ಗುರಿಯನ್ನು ಆರಿಸಿ ಕೊಲ್ಲಬಲ್ಲ ಆಯುಧಗಳನ್ನು ಕುರಿತು ಜಿನೀವಾದಲ್ಲಿ 2014ರಿಂದ ರಾಷ್ಟ್ರಗಳು ಚರ್ಚಿಸುತ್ತಿವೆ. 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಈ ವಿಷಯದಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಕೃತಕಬುದ್ಧಿಯ ಪ್ರಮುಖ ವಿಜ್ಞಾನಿಗಳೂ ಅದನ್ನು ತಯಾರಿಸುವ ದೊಡ್ಡ ಸಂಸ್ಥೆಗಳ ಮುಖ್ಯಸ್ಥರೂ ಒಂದು ಹೇಳಿಕೆಗೆ ಸಹಿ ಮಾಡಿದರು. ಇದರಿಂದ ಮನುಕುಲವೇ ಅಳಿಯುವ ಅಪಾಯವನ್ನು ಮಹಾಮಾರಿ, ಅಣುಯುದ್ಧಗಳಷ್ಟೇ ಗಂಭೀರವಾಗಿ ಪರಿಗಣಿಸಬೇಕೆಂಬುದು ಅದರ ತಾತ್ಪರ್ಯ. ಸಹಿ ಮಾಡಿದ ಸಂಸ್ಥೆಗಳಲ್ಲಿ ತಯಾರಿಕೆ ಮುಂದುವರಿಯಿತು. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರತ್ಯಾಖ್ಯಾನವಿಲ್ಲದ ಪ್ರತಿಕ್ರಮಣ. ದೋಷವನ್ನು ಒಪ್ಪಿಕೊಂಡದ್ದಾಯಿತು, ಇನ್ನು ಮಾಡೆನೆಂಬ ನಿಯಮ ಬರಲಿಲ್ಲ.

ಶ್ರಾವಕರ ಕರ್ತವ್ಯ

ಇಂತಹ ಕಥೆಗಳನ್ನು ಮಕ್ಕಳು ಓದಬಹುದೆ? ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದೆಂಬುದು ನಿಜ. ಆದರೆ ಕರಾಳವಾದುದೆಲ್ಲ ದುಃಶ್ರುತಿಯಲ್ಲ. ಪುರಾಣಗಳಲ್ಲಿ ನರಕವರ್ಣನೆಯಿರುವುದು ಸಂವೇಗವನ್ನು ಹುಟ್ಟಿಸಲೆಂದೇ. ಕೇಳಿದ ಮೇಲೆ ಉಳಿಯುವ ಭಾವವೇ ಒರೆಗಲ್ಲು. ಹಿಂಸೆಯಲ್ಲಿ ರುಚಿ ಹುಟ್ಟಿದರೆ ಅದು ದುಃಶ್ರುತಿ, ಹಿಂಸೆಗೆ ಹೇಸಿಕೆ ಹುಟ್ಟಿ ‘ಆ ಯಂತ್ರವನ್ನು ಮಾಡಿಸಿದವರು ಯಾರು?’ ಎಂಬ ಪ್ರಶ್ನೆ ಎದ್ದರೆ ಅದು ಸ್ವಾಧ್ಯಾಯಕ್ಕೆ ಹತ್ತಿರ.

ಯಂತ್ರವನ್ನೇ ತ್ಯಜಿಸಬೇಕೆಂದು ಗೃಹಸ್ಥಧರ್ಮ ಹೇಳುವುದಿಲ್ಲ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಕಡಮೆ ಮಾಡುತ್ತ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡುವುದೇ ಶ್ರಾವಕನ ಮಾರ್ಗ. ರೋಗವನ್ನು ಬೇಗ ಗುರುತಿಸುವ, ನಶಿಸುತ್ತಿರುವ ತಾಡವೋಲೆಗಳನ್ನು ಓದಿಕೊಡುವ ಯಂತ್ರ ಸ್ವಾಗತಾರ್ಹ. ಅತ್ತಿಮಬ್ಬೆಯ ಲಿಪಿಕಾರರ ಕೆಲಸವನ್ನು ಇಂದು ಯಂತ್ರ ಮಾಡಿದರೆ ಅದರ ಪುಣ್ಯವೂ ಮಾಡಿಸಿದವರದೇ.

ಆದರೆ ಜೈನ ಕುಟುಂಬಗಳ ತರುಣರು ಇಂದು ಬೆಂಗಳೂರು ಮೊದಲಾದ ನಗರಗಳಲ್ಲಿ ಈ ಯಂತ್ರಗಳನ್ನು ನಿರ್ಮಿಸುವ ಉದ್ಯೋಗಗಳಲ್ಲಿದ್ದಾರೆ. ಕುಟುಂಬಗಳು ಷೇರುಗಳಲ್ಲಿ, ಮ್ಯೂಚುಯಲ್ ಫಂಡುಗಳಲ್ಲಿ ಹಣ ತೊಡಗಿಸಿವೆ. ಕತ್ತಿ, ವಿಷಗಳನ್ನು ಮಾರುವುದಿಲ್ಲವೆಂದು ಅಂಗಡಿಯಲ್ಲಿ ನಿಯಮವಿಟ್ಟ ಮನೆತನವು, ಅದನ್ನೇ ತಯಾರಿಸುವ ಕಂಪನಿಯ ಲಾಭಾಂಶವನ್ನು ಸಂತೋಷದಿಂದ ಪಡೆದರೆ ಅನುಮೋದನೆಯ ಬಾಗಿಲು ತೆರೆದಂತೆಯೇ. ಲಾಭಾಂಶದ ಚೀಟಿಯಲ್ಲಿ ಕರ್ಮದ ಕಲಮು ಕಾಣಿಸುವುದಿಲ್ಲವಷ್ಟೆ. ತರುಣನಾದರೂ ತಾನು ಮಾಡುತ್ತಿರುವ ಭಾಗವು ಯಾವ ಇಡಿಯ ಭಾಗವೆಂದು ಕೇಳಿ ತಿಳಿಯಬೇಕು. ಕೇಳಿದರೆ ಕೆಲಸಕ್ಕೆ ತೊಂದರೆಯಾದೀತೆಂಬ ಅಳುಕು ಸಹಜ. ಆಗ ಮನೆಯ ಹಿರಿಯರು ಸಂಬಳವನ್ನು ಮಾತ್ರ ಎಣಿಸದೆ ಅವನ ಬೆನ್ನಿಗೆ ನಿಲ್ಲಬೇಕು.

ಬಸದಿಗಳ ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ವಿದ್ಯಾರ್ಥಿವೇತನ, ವೈದ್ಯಕೀಯ ನೆರವುಗಳ ಅರ್ಜಿಗಳನ್ನು ಯಂತ್ರದಿಂದ ವಿಂಗಡಿಸಿದರೆ ಕೆಲಸ ಹಗುರವಾಗುವುದು ನಿಜ. ಆದರೆ ನಿರಾಕರಿಸಲ್ಪಟ್ಟ ಬಡ ವಿದ್ಯಾರ್ಥಿ ಬಂದು ಕಾರಣ ಕೇಳಿದಾಗ ‘ಯಂತ್ರ ಹಾಗೆ ಹೇಳಿತು’ ಎಂಬುದು ಉತ್ತರವಾಗಬಾರದು. ನಿರ್ಣಯದ ಕೆಳಗೆ ಒಬ್ಬ ವಿಶ್ವಸ್ಥನ ಹೆಸರಿರಬೇಕು. ಯಂತ್ರವನ್ನು ತರುವ ಮುನ್ನ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ ನಡವಳಿಯಲ್ಲಿ ಬರೆದಿಡುವುದು ಯೋಗ್ಯ. ಇದರಿಂದ ಯಾರಿಗೆ ನೋವಾಗಬಹುದು? ತಪ್ಪಿದರೆ ತಡೆಯುವ ಕೈ ಯಾರದು? ತಡೆಯದಿದ್ದರೆ ಹೊಣೆ ಯಾರ ಹೆಸರಿನಲ್ಲಿ?

ಚಾವುಂಡರಾಯನು ಗಂಗರಸರ ಮಂತ್ರಿ, ಸೇನಾಪತಿ. ‘ಸಮರಧುರಂಧರ’, ‘ರಣರಂಗಸಿಂಗ’ ಎಂಬಂತಹ ಬಿರುದುಗಳನ್ನು ಯುದ್ಧದಲ್ಲಿ ಗಳಿಸಿದವನು. ಆಯುಧಗಳ ಬಲವನ್ನು ಅವನಷ್ಟು ಬಲ್ಲವರು ಆ ಕಾಲದಲ್ಲಿ ವಿರಳ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಶಿಷ್ಯನಾಗಿ ಕರ್ಮಸಿದ್ಧಾಂತವನ್ನು ಆಲಿಸಿದ ಅವನು ಬೆಟ್ಟದ ಮೇಲೆ ನಿಲ್ಲಿಸಲು ಆರಿಸಿಕೊಂಡದ್ದು ಚಕ್ರ ಹಿಡಿದ ಚಕ್ರವರ್ತಿಯನ್ನಲ್ಲ. ಗೆದ್ದ ಮೇಲೆ ಕೈಗಳನ್ನು ಇಳಿಬಿಟ್ಟು ನಿಂತವನನ್ನು. ಆ ಮಹಾಕಾರ್ಯದಲ್ಲಿಯೂ ‘ನಾನು ಮಾಡಿಸಿದೆ’ ಎಂಬ ಮಾನ ಸುಳಿದಾಗ, ಗುಳ್ಳಕಾಯಜ್ಜಿಯ ಗಿಂಡಿಯಷ್ಟು ಹಾಲು ಅವನನ್ನು ತಿದ್ದಿತೆಂದು ಐತಿಹ್ಯ ಹೇಳುತ್ತದೆ. ಮಾಡಿಸಿದವನ ಪುಣ್ಯವನ್ನು ಮೂರು ಭಾಷೆಗಳಲ್ಲಿ ಬರೆದುಕೊಳ್ಳಬಲ್ಲ ಸಮಾಜವು ಮಾಡಿಸಿದವರ ಪಾಪಕ್ಕೂ ಹೆಸರು ಬರೆಯುವ ಧೈರ್ಯವನ್ನು ಉಳಿಸಿಕೊಳ್ಳಬೇಕು. ಯಂತ್ರಗಳು ಎಷ್ಟೇ ಬುದ್ಧಿವಂತವಾಗಲಿ, ಆ ಖಾತೆಯಲ್ಲಿ ಅವುಗಳ ಹೆಸರಿಗೆ ಜಾಗವಿಲ್ಲ.